ಪಥ್ಯವೂ ಪೋಷಣೆಯೂ



ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆಂದರೆ ನಮ್ಮೂರಿನ ಅಡುಗೆಮನೆಗಳಲ್ಲಿ ಮೊದಲು ಆಗುವ ಬದಲಾವಣೆಯು ಗಂಜಿ ತೆಳ್ಳಗಾಗುವುದು. ಕುಚ್ಚಲಕ್ಕಿಯ ಗಂಜಿ ತೆಳಿ, ಒಂದು ಹರಳು ಉಪ್ಪು, ಹೆಚ್ಚೆಂದರೆ ಸುಟ್ಟ ಹಪ್ಪಳದ ಒಂದು ಚೂರು. ಇದು ಹಿರಿಯರಿಂದ ನಮಗೆ ಬಂದ ಪಥ್ಯ. ಎರಡು ದಿನದ ಜ್ವರಕ್ಕೂ ಅಜೀರ್ಣಕ್ಕೂ ಇದು ಸಾಕಾದೀತು. ಆದರೆ ದೊಡ್ಡದೊಂದು ಶಸ್ತ್ರಚಿಕಿತ್ಸೆಯಾಗಿ ಮನೆಗೆ ಮರಳಿದ ರೋಗಿಗೆ ವಾರಗಟ್ಟಲೆ ಇದೇ ಪಥ್ಯವನ್ನು ನಡೆಸಿದರೆ ಏನಾಗುವುದೆಂಬುದನ್ನು ನಾವು ನಮ್ಮ ಬಂಧುಗಳ ಮನೆಯಲ್ಲಿಯೇ ಕಂಡು ಕಲಿಯಬೇಕಾಯಿತು. ಆ ಪಾಠವನ್ನು ಈ ವರ್ಷದ ಸಂಚಿಕೆಯ ಮೂಲಕ ತಮ್ಮ ಮುಂದಿಡುತ್ತಿದ್ದೇವೆ.

ನಮ್ಮ ಸೋದರಮಾವನವರು ಹುಟ್ಟಾ ಕೃಷಿಕರು. ಅರುವತ್ತನಾಲ್ಕರ ಪ್ರಾಯದಲ್ಲಿಯೂ ಬಾವಿಯಿಂದ ನೀರು ಸೇದಿ, ಎರಡು ಕೈಗಳಲ್ಲಿ ಎರಡು ಕೊಡಪಾನಗಳನ್ನು ಹಿಡಿದು ಮೆಟ್ಟಿಲೇರಿ ಬರುತ್ತಿದ್ದವರು. ಕೆಲವು ವರ್ಷಗಳ ಹಿಂದೆ ಅವರ ಮೂತ್ರದಲ್ಲಿ ರಕ್ತವು ಕಾಣಿಸಿಕೊಂಡಿತು. ನೋವೇನೂ ಇಲ್ಲದ ಕಾರಣ ಎರಡು ತಿಂಗಳ ಕಾಲ ಅವರು ಅದನ್ನು ಯಾರೊಡನೆಯೂ ಹೇಳಲಿಲ್ಲ. ಬಳಿಕ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಪರೀಕ್ಷಿಸಿದಾಗ ಮೂತ್ರಕೋಶದಲ್ಲಿ ಕ್ಯಾನ್ಸರ್ ಇರುವುದೂ, ಅದು ಕೋಶದ ಗೋಡೆಯ ಸ್ನಾಯುವಿನೊಳಕ್ಕೆ ಇಳಿದಿರುವುದೂ ತಿಳಿದುಬಂದಿತು. ಮೊದಲು ಕೀಮೋಥೆರಪಿಯೆಂಬ ಔಷಧ ಚಿಕಿತ್ಸೆ, ತರುವಾಯ ಮೂತ್ರಕೋಶವನ್ನು ಪೂರ್ತಿಯಾಗಿ ತೆಗೆಯುವ ಶಸ್ತ್ರಚಿಕಿತ್ಸೆ ನಡೆಯಿತು. ವೈದ್ಯರು ತಮ್ಮ ಕಾರ್ಯವನ್ನು ಚೆನ್ನಾಗಿಯೇ ನೆರವೇರಿಸಿದರು. ತಪ್ಪಿದುದು ಮನೆಗೆ ಬಂದ ಮೇಲೆ, ತಪ್ಪಿದವರು ನಾವು.

"ಹೊಟ್ಟೆಯ ಮೇಲೆ ಇಷ್ಟುದ್ದ ಹೊಲಿಗೆಯಿರುವಾಗ ಬೇಳೆ, ಮೊಟ್ಟೆ, ಮೀನು ಕೊಟ್ಟರೆ ನಂಜಾದೀತು" ಎಂದು ಅತ್ತೆಯವರು ಅಂಜಿದರು. ನೆರೆಕರೆಯವರೂ ಹಾಗೆಂದೇ ಹೇಳಿದರು. ಪದವಿಗಳನ್ನು ಪಡೆದು ಮಕ್ಕಳಿಗೆ ಪಾಠ ಹೇಳುವ ನಾವೂ ತಲೆಯಾಡಿಸಿದೆವು. ದಿನಕ್ಕೆ ಮೂರು ಬಟ್ಟಲು ತೆಳಿ. ಉಳಿದ ಹೊತ್ತು ಹಾಸಿಗೆ. "ನೀವು ಏಳಬೇಡಿ ಮಾವ, ಬೇಕಾದ್ದನ್ನು ನಾವು ತಂದುಕೊಡುತ್ತೇವೆ" ಎಂದು ಬೆಳಗೂ ಬೈಗೂ ಹೇಳಿದವರು ನಾವೇ. ಮೂರು ವಾರ ಕಳೆಯುವಷ್ಟರಲ್ಲಿ ಮಾವನವರ ಬೆರಳಿನಿಂದ ಉಂಗುರವು ತಾನಾಗಿ ಜಾರಿ ಬಿದ್ದಿತು. ಸ್ನಾನದ ಮಣೆಯಿಂದ ಮೇಲೇಳಲು ಇಬ್ಬರು ಹಿಡಿಯಬೇಕಾಯಿತು. ರೋಗವು ಮರಳಿತೆಂದೇ ನಾವು ಹೆದರಿದೆವು.

ಮರುಪರೀಕ್ಷೆಗೆ ಹೋದಾಗ ಆಸ್ಪತ್ರೆಯ ಆಹಾರತಜ್ಞೆಯೊಬ್ಬರು ತೂಕವನ್ನು ನೋಡಿ, ಏನೇನು ಉಣ್ಣುತ್ತಾರೆಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಅನಂತರ ಮೆಲ್ಲನೆ ಹೇಳಿದರು: "ರೋಗ ಮರಳಿಲ್ಲ. ನೀವು ಹೊರಗಿನಿಂದ ಏನೂ ಕೊಡುತ್ತಿಲ್ಲ. ಅದಕ್ಕೆ ಇವರ ಗಾಯ ಇವರ ತೊಡೆಯನ್ನೇ ತಿಂದು ಮಾಯುತ್ತಿದೆ."

ಆ ಮಾತಿನ ಅರ್ಥವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಈ ಶಸ್ತ್ರಚಿಕಿತ್ಸೆಯ ಸ್ವರೂಪವನ್ನು ತಿಳಿಯೋಣ. ನಮ್ಮ ಎರಡು ಮೂತ್ರಪಿಂಡಗಳು ರಕ್ತವನ್ನು ಶೋಧಿಸಿ ಮೂತ್ರವನ್ನುಂಟುಮಾಡುವುವು. ಅದು ಎರಡು ಕಿರುನಾಳಗಳ ಮೂಲಕ ಇಳಿದು ಮೂತ್ರಕೋಶದಲ್ಲಿ ಸಂಗ್ರಹವಾಗುವುದು. ರೋಗವು ಕೋಶದ ಸ್ನಾಯುವಿನೊಳಕ್ಕೆ ಇಳಿದಾಗ ಅನೇಕರಲ್ಲಿ ಕೋಶವನ್ನೇ ತೆಗೆಯಬೇಕಾಗುವುದು. ಹೀಗೆ ಇಡೀ ಮೂತ್ರಕೋಶವನ್ನು ಮೊದಲು ತೆಗೆದವನು ಜರ್ಮನಿಯ ಕಲೋನ್ ನಗರದ ಬಾರ್ಡೆನ್‌ಹಾಯರ್ ಎಂಬ ವೈದ್ಯ, ವರ್ಷ 1887. ಆ ರೋಗಿಯು ಬಹುಕಾಲ ಬದುಕಲಿಲ್ಲ. ಕೋಶವನ್ನು ತೆಗೆದ ಮೇಲೆ ಮೂತ್ರವು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯು ಆ ಬಳಿಕವೂ ದೀರ್ಘಕಾಲ ವೈದ್ಯರನ್ನು ಕಾಡಿತು. 1950ರಲ್ಲಿ ಅಮೆರಿಕದ ಯೂಜೀನ್ ಬ್ರಿಕರ್ ಎಂಬವರು ಒಂದು ಸುಲಭೋಪಾಯವನ್ನು ಪ್ರಚುರಪಡಿಸಿದರು. ಸಣ್ಣ ಕರುಳಿನಿಂದ ಸುಮಾರು 15ರಿಂದ 20 ಸೆಂಟಿಮೀಟರ್ ಉದ್ದದ ತುಂಡನ್ನು ಬೇರ್ಪಡಿಸಿ, ಮೂತ್ರನಾಳಗಳನ್ನು ಅದಕ್ಕೆ ಜೋಡಿಸಿ, ಅದರ ಇನ್ನೊಂದು ತುದಿಯನ್ನು ಹೊಟ್ಟೆಯ ಚರ್ಮದ ಮೇಲೆ ತೆರೆದಿಡುವುದು. ಅಲ್ಲಿಂದ ಮೂತ್ರವು ಅಂಟಿಸಿದ ಚೀಲವೊಂದಕ್ಕೆ ಹರಿಯುವುದು. ಕೆಲವರಿಗೆ ಇನ್ನೂ ಉದ್ದವಾದ ಕರುಳಿನ ತುಂಡನ್ನು ಹೊಲಿದು ಹೊಸ ಮೂತ್ರಕೋಶವನ್ನೇ ಮಾಡಿಕೊಡುವುದೂ ಉಂಟು.

ಆದುದರಿಂದ ಇದು ಒಂದೇ ಅವಯವದ ಶಸ್ತ್ರಚಿಕಿತ್ಸೆಯಲ್ಲ. ಮೂತ್ರಕೋಶಕ್ಕೆ ಬಂದ ರೋಗಕ್ಕಾಗಿ ಕರುಳೂ ಕತ್ತರಿಸಲ್ಪಡುತ್ತದೆ. ಕತ್ತರಿಸಿ ಜೋಡಿಸಿದ ಕರುಳು ಕೆಲವು ದಿನಗಳ ತನಕ ತನ್ನ ಚಲನೆಯನ್ನು ಮರೆತಂತಿರುವುದು. ಹೊಟ್ಟೆಯುಬ್ಬರ, ವಾಕರಿಕೆ, ಅರುಚಿ ಇವು ಸಹಜ. ಅತ್ಯಧಿಕ ಪೋಷಣೆ ಬೇಕಾದ ಹೊತ್ತಿನಲ್ಲಿಯೇ ರೋಗಿಗೆ ಉಣ್ಣುವ ಮನಸ್ಸು ಇಲ್ಲದಾಗುತ್ತದೆ. ಈ ರೋಗದಲ್ಲಿ ದೇಹವು ಬೇಗನೆ ಕರಗುವುದಕ್ಕೆ ಇದು ಮೊದಲನೆಯ ಕಾರಣ.

ಎರಡನೆಯ ಕಾರಣವನ್ನರಿಯಲು ನಮ್ಮ ಹಳೆಯ ಮನೆಗಳ ಪತ್ತಾಯವನ್ನು ನೆನೆಯಬೇಕು. ಸುಗ್ಗಿಯಲ್ಲಿ ತುಂಬಿಸಿದ ಭತ್ತವನ್ನು ಮಳೆಗಾಲದಲ್ಲಿ ತೆಗೆದು ಉಣ್ಣುವಂತೆ, ನಮ್ಮ ದೇಹವೂ ಕೊಬ್ಬನ್ನು ಚರ್ಮದಡಿಯಲ್ಲಿ ಕೂಡಿಟ್ಟುಕೊಳ್ಳುವುದು. ಆದರೆ ಪ್ರೋಟೀನ್ ಎಂದು ಇಂದು ಕರೆಯುವ ಸಸಾರಜನಕ ಪದಾರ್ಥಕ್ಕೆ ದೇಹದಲ್ಲಿ ಪ್ರತ್ಯೇಕವಾದ ಪತ್ತಾಯವಿಲ್ಲ. ಅದಕ್ಕೆ ಇರುವ ದೊಡ್ಡ ಸಂಗ್ರಹವೆಂದರೆ ನಡೆಯುವ ಕಾಲಿನ, ಎತ್ತುವ ತೋಳಿನ, ಉಸಿರಾಡುವ ಎದೆಯ ಮಾಂಸಖಂಡಗಳೇ. ದೇಹಕ್ಕೆ ದೊಡ್ಡ ಗಾಯವಾದಾಗ ಅದನ್ನು ಮಾಯಿಸಲೂ, ರೋಗಾಣುಗಳನ್ನು ಎದುರಿಸಲೂ ಸಸಾರಜನಕವು ಹೇರಳವಾಗಿ ಬೇಕಾಗುವುದು. ಊಟದಿಂದ ಅದು ಬಾರದಿದ್ದರೆ ದೇಹವು ಮಾಂಸಖಂಡವನ್ನು ಒಡೆದು ಗಾಯಕ್ಕೆ ಕಳುಹಿಸುವುದು. ಮನೆಯ ತೊಲೆಯನ್ನೇ ಕಡಿದು ಒಲೆಗೆ ಇಟ್ಟಂತೆ ಇದು.

ಇದು ಊಹೆಯ ಮಾತಲ್ಲ. 1930ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಡೇವಿಡ್ ಕತ್ಬರ್ಟ್‌ಸನ್ ಎಂಬ ವಿಜ್ಞಾನಿಯು ಎಲುಬು ಮುರಿದ ರೋಗಿಗಳ ಮೂತ್ರವನ್ನು ಪರೀಕ್ಷಿಸಿ, ಅದರಲ್ಲಿ ಸಾರಜನಕವು ಅಧಿಕವಾಗಿ ಹೊರಹೋಗುತ್ತಿರುವುದನ್ನು ತೋರಿಸಿದನು. ಮುರಿದ ಎಲುಬಿನಲ್ಲಿ ಅಷ್ಟು ಸಾರಜನಕವಿಲ್ಲ. ಅದು ದೇಹದ ಮಾಂಸಖಂಡಗಳಿಂದ ಬಂದುದಾಗಿತ್ತು. ಒಂದು ಕಡೆ ಗಾಯವಾದರೆ ದೇಹವೆಲ್ಲವೂ ಅದಕ್ಕೆ ತೆರಿಗೆ ತೆರುವುದೆಂಬುದು ಹೀಗೆ ಸಿದ್ಧವಾಯಿತು.

ಮೂರನೆಯ ಕಾರಣ ಹಾಸಿಗೆ. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸರಾಸರಿ 67 ವರ್ಷ ಪ್ರಾಯದ ಆರೋಗ್ಯವಂತರು ಹತ್ತು ದಿನ ಹಾಸಿಗೆಯಲ್ಲಿಯೇ ಇದ್ದರು. ಅವರಿಗೆ ಗಾಯವಿರಲಿಲ್ಲ, ರೋಗವಿರಲಿಲ್ಲ. ಆದರೂ ಹತ್ತು ದಿನಗಳಲ್ಲಿ ಅವರ ಕಾಲುಗಳಿಂದ ಸುಮಾರು ಒಂದು ಕಿಲೋಗ್ರಾಂನಷ್ಟು ಮಾಂಸವು ಕರಗಿತ್ತು. ಹಾಗಾದರೆ ಗಾಯವೂ, ಹಸಿವೆಯ ಕೊರತೆಯೂ, ಹಾಸಿಗೆಯೂ ಒಟ್ಟುಗೂಡಿದ ನಮ್ಮ ಮಾವನವರ ಪಾಡನ್ನು ನೀವೇ ಲೆಕ್ಕಹಾಕಬಹುದು.

ಪ್ರಾಯ ಸಂದಂತೆ ಮಾಂಸಖಂಡಗಳು ಕುಗ್ಗುವುದಕ್ಕೆ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಎಂಬವರು 1989ರಲ್ಲಿ ಗ್ರೀಕ್ ಭಾಷೆಯ ಎರಡು ಶಬ್ದಗಳನ್ನು ಕೂಡಿಸಿ ಸಾರ್ಕೊಪೀನಿಯಾ ಎಂಬ ಹೆಸರನ್ನಿತ್ತರು. ಮಾಂಸದ ಬಡತನವೆಂದು ಅದರ ಅರ್ಥ. ಮೂತ್ರಕೋಶದ ಕ್ಯಾನ್ಸರು ಹೆಚ್ಚಾಗಿ ಅರುವತ್ತು ದಾಟಿದವರಿಗೆ ಬರುವುದರಿಂದ ಅನೇಕರು ಈ ಬಡತನದೊಂದಿಗೆಯೇ ಶಸ್ತ್ರಚಿಕಿತ್ಸೆಗೆ ಬರುತ್ತಾರೆ. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು 2014ರಲ್ಲಿ ಇಂತಹ 205 ರೋಗಿಗಳ ವಿವರವನ್ನು ಪ್ರಕಟಿಸಿದರು. ಅವರೊಳಗೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿನವರ ಮಾಂಸಖಂಡಗಳು ಮೊದಲೇ ಕುಗ್ಗಿದ್ದುವು. ಹಾಗೆ ಕುಗ್ಗಿದವರು ಉಳಿದವರಷ್ಟು ಕಾಲ ಬಾಳಲಿಲ್ಲ. ಆದುದರಿಂದ ಪೋಷಣೆಯು ಶಸ್ತ್ರಚಿಕಿತ್ಸೆಯ ಬಳಿಕವಲ್ಲ, ದಿನ ಗೊತ್ತಾದಂದಿನಿಂದಲೇ ಆರಂಭವಾಗಬೇಕು.

ಈ ಶಸ್ತ್ರಚಿಕಿತ್ಸೆಗೇ ವಿಶೇಷವಾದ ನಾಲ್ಕನೆಯ ಕಾರಣವೂ ಒಂದುಂಟು. ಕರುಳಿನ ಸ್ವಭಾವವು ಹೀರಿಕೊಳ್ಳುವುದು. ಮೂತ್ರವು ಕರುಳಿನ ತುಂಡಿನ ಮೂಲಕ ಹರಿಯುವಾಗ, ದೇಹವು ಹೊರಹಾಕಿದ ಕೆಲವು ಲವಣಗಳನ್ನೂ ಆಮ್ಲಾಂಶವನ್ನೂ ಅದು ಮರಳಿ ರಕ್ತಕ್ಕೆ ಹೀರುವುದು. ಅಲ್ಪಕಾಲ ತಂಗುವ ಚೀಲದ ಕ್ರಮದಲ್ಲಿ ಇದು ಕಡಿಮೆ. ಹೊಸ ಮೂತ್ರಕೋಶದಲ್ಲಿ ಹೆಚ್ಚು. ರಕ್ತದಲ್ಲಿ ಆಮ್ಲವು ಏರಿದರೆ ಆಯಾಸ, ಅರುಚಿ, ವಾಕರಿಕೆಗಳು ತೋರುವುವು. ಮಾಂಸಖಂಡಗಳೂ ಎಲುಬುಗಳೂ ಸವೆಯುವುವು. "ಎಷ್ಟು ಕೊಟ್ಟರೂ ಮೈಹಿಡಿಯುವುದಿಲ್ಲ" ಎಂಬ ರೋಗಿಯ ರಕ್ತವನ್ನು ಪರೀಕ್ಷಿಸಿ ವೈದ್ಯರು ಇದನ್ನು ಕಂಡುಹಿಡಿಯುವರು, ಮಾತ್ರೆಯಿಂದ ಸರಿಪಡಿಸುವರು. ಮನೆಯಲ್ಲಿ ನಾವಾಗಿಯೇ ಸೋಡಾಪುಡಿಯನ್ನು ಕೊಡತಕ್ಕದ್ದಲ್ಲ. ಇದಲ್ಲದೆ, ಬಿ-12 ಎಂಬ ಜೀವಸತ್ವವನ್ನು ಹೀರುವುದು ಸಣ್ಣ ಕರುಳಿನ ಕೊನೆಯ ಭಾಗ. ಆ ಭಾಗದ ಹತ್ತಿರದಿಂದ ತುಂಡು ತೆಗೆದವರಲ್ಲಿ ಕೆಲವು ವರ್ಷಗಳ ಬಳಿಕ ಅದರ ಕೊರತೆ ಕಾಣಿಸಬಹುದಾದುದರಿಂದ ಆಗಾಗ ರಕ್ತಪರೀಕ್ಷೆ ಮಾಡಿಸುವುದು ಅವಶ್ಯ.

ಇನ್ನು ಗಣಿತಕ್ಕೆ ಬರೋಣ. ಮೇಲಿನ ತರಗತಿಯ ವಿದ್ಯಾರ್ಥಿಗಳು ಪೆನ್ಸಿಲು ಹಿಡಿದು ಓದಬೇಕು. 1918ರಲ್ಲಿ ಕೂನೂರಿನಲ್ಲಿ ಒಂದು ಸಣ್ಣ ಪ್ರಯೋಗಶಾಲೆಯಾಗಿ ಹುಟ್ಟಿ ಇಂದು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯು, ಆರೋಗ್ಯವಂತ ವಯಸ್ಕನಿಗೆ ದೇಹತೂಕದ ಪ್ರತಿಯೊಂದು ಕಿಲೋಗ್ರಾಂಗೆ ದಿನಕ್ಕೆ 0.83 ಗ್ರಾಂ ಸಸಾರಜನಕ ಬೇಕೆಂದು 2020ರ ವರದಿಯಲ್ಲಿ ನಿಗದಿಪಡಿಸಿದೆ. ದೊಡ್ಡ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುವವರಿಗೆ ಆಹಾರತಜ್ಞರು ಸಾಮಾನ್ಯವಾಗಿ 1.2ರಿಂದ 1.5 ಗ್ರಾಂವರೆಗೆ ಹೇಳುತ್ತಾರೆ. 60 ಕಿಲೋಗ್ರಾಂ ತೂಕದವನಿಗೆ ಮೊದಲನೆಯ ಲೆಕ್ಕದಲ್ಲಿ ಸುಮಾರು 50 ಗ್ರಾಂ. ಎರಡನೆಯದರಲ್ಲಿ 72ರಿಂದ 90 ಗ್ರಾಂ.

ನಾವು ಕೊಡುತ್ತಿದ್ದುದೆಷ್ಟು? 30 ಗ್ರಾಂ ಅಕ್ಕಿಯ ಒಂದು ಬಟ್ಟಲು ತೆಳು ಗಂಜಿಯಲ್ಲಿ ಸಸಾರಜನಕವು ಎರಡು ಗ್ರಾಂಗಿಂತ ತುಸು ಹೆಚ್ಚು. ಮೂರು ಬಟ್ಟಲಿಗೆ ಏಳು ಗ್ರಾಂ. ಬೇಕಾದುದರಲ್ಲಿ ಹತ್ತನೆಯ ಒಂದು ಪಾಲೂ ಪೂರ್ತಿಯಾಗಿ ಇಲ್ಲ! ಉಳಿದುದನ್ನೆಲ್ಲ ಮಾವನವರ ತೊಡೆಯೂ ತೋಳೂ ಕೊಡುತ್ತಿದ್ದುವು. ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಈ ಲೆಕ್ಕವನ್ನು ಮಾಡಿದಾಗ ನಮಗಾದ ನಾಚಿಕೆಯು ಇಂದಿಗೂ ಮರೆತಿಲ್ಲ.

ಈ 80 ಗ್ರಾಂಗಳನ್ನು ತರಲು ದುಬಾರಿ ಡಬ್ಬಿಗಳೇ ಬೇಕೆಂದಿಲ್ಲ. ನಮ್ಮೂರಿನ ಅಂಗಡಿ, ಹಟ್ಟಿ, ಕಡಲುಗಳೇ ಸಾಕು. ದಿನವಿಡೀ ಸೇರಿ 250 ಗ್ರಾಂ ಅಕ್ಕಿಯಿಂದ ಸುಮಾರು 18 ಗ್ರಾಂ. ಅರ್ಧ ಲೀಟರ್ ಹಾಲು ಅಥವಾ ಮೊಸರಿನಿಂದ 16. 50 ಗ್ರಾಂ ಹೆಸರುಕಾಳಿನಿಂದ 11. ಅಷ್ಟೇ ತೊಗರಿಬೇಳೆಯಿಂದ 11. ಎರಡು ಮೊಟ್ಟೆಗಳಿಂದ 12. 100 ಗ್ರಾಂ ಬೂತಾಯಿ ಅಥವಾ ಬಂಗುಡೆಯಿಂದ 18. ಒಟ್ಟು 86 ಗ್ರಾಂ. ಮೀನು ಮೊಟ್ಟೆಗಳನ್ನು ಸೇವಿಸದವರು ಆ 30 ಗ್ರಾಂಗಳಿಗೆ ಬದಲಾಗಿ 50 ಗ್ರಾಂ ಹುರುಳಿಯಿಂದ 11, 30 ಗ್ರಾಂ ನೆಲಗಡಲೆಯಿಂದ 7, ಹೆಚ್ಚಿನ 300 ಗ್ರಾಂ ಮೊಸರಿನಿಂದ 9 ಗ್ರಾಂ ಪಡೆದರೆ ಒಟ್ಟು 83 ಆಗುವುದು. ಯಾವ ಮನೆಯ ಆಚಾರಕ್ಕೂ ಇದರಿಂದ ಭಂಗವಿಲ್ಲ. ಅನ್ನವನ್ನೂ ತೆಂಗಿನಕಾಯಿ ತುಪ್ಪಗಳನ್ನೂ ತೀರ ಕಡಿಮೆ ಮಾಡಬಾರದು. ದೇಹಕ್ಕೆ ಬೇಕಾದ ಶಾಖವು ಅವುಗಳಿಂದ ದೊರೆಯದಿದ್ದರೆ ದುಬಾರಿಯಾದ ಸಸಾರಜನಕವೇ ಸೌದೆಯಾಗಿ ಉರಿದುಹೋಗುವುದು.

ಇಷ್ಟನ್ನೆಲ್ಲ ಮೊದಲ ದಿನವೇ ಬಡಿಸಿದರೆ ರೋಗಿಯು ತಟ್ಟೆಯನ್ನು ನೋಡಿಯೇ ಹಿಂಜರಿಯುವನು. ಮೂರು ದೊಡ್ಡ ಊಟಗಳಿಗೆ ಬದಲಾಗಿ ಆರು ಸಣ್ಣ ಊಟಗಳು ಮೇಲು. ಗಂಜಿಯನ್ನು ಬಿಡಬೇಕಾದುದಿಲ್ಲ, ಅದನ್ನು ದಪ್ಪಗೊಳಿಸಿದರಾಯಿತು. ಮೆತ್ತಗೆ ಬೇಯಿಸಿದ ಹೆಸರುಕಾಳನ್ನು ಅದಕ್ಕೆ ಸೇರಿಸಿ, ಒಂದು ಚಮಚ ತುಪ್ಪವನ್ನು ಹಾಕಿದರೆ ಹಳೆಯ ಪಥ್ಯವೇ ಹೊಸ ಪೋಷಣೆಯಾಗುವುದು. ಕಾಳುಗಳು ವಾಯುವನ್ನುಂಟುಮಾಡುವುದರಿಂದ ಮೊದಲು ಒಂದೆರಡು ಚಮಚ, ಕ್ರಮೇಣ ಹೆಚ್ಚು. ನೀರನ್ನು ಧಾರಾಳವಾಗಿ, ಆದರೆ ಊಟಕ್ಕೆ ಮುಂಚೆ ಹೊಟ್ಟೆ ತುಂಬುವಂತಲ್ಲ. ನಂಜಿನ ಅಂಜಿಕೆಯ ಕುರಿತು ಒಂದು ಮಾತು: ಗಾಯವು ಕೀವಾಗುವುದು ರೋಗಾಣುಗಳಿಂದಲೇ ಹೊರತು ಬೇಳೆಯಿಂದಲೋ ಮೊಟ್ಟೆಯಿಂದಲೋ ಅಲ್ಲ, ಸಸಾರಜನಕವಿಲ್ಲದ ಗಾಯವೇ ತಡವಾಗಿ ಮಾಯುವುದು. ಆದರೆ ಮೂತ್ರಪಿಂಡಗಳ ಶಕ್ತಿ ಕುಂದಿದವರಿಗೂ ಮಧುಮೇಹವಿರುವವರಿಗೂ ಈ ಲೆಕ್ಕವು ಬೇರೆ. ಅವರು ವೈದ್ಯರನ್ನು ಕೇಳಿಯೇ ನಡೆಯತಕ್ಕದ್ದು.

ಉಣಿಸಿದರೆ ಮಾತ್ರ ಸಾಲದು. ದುಡಿಯದ ಮಾಂಸಖಂಡವು ಊಟವನ್ನು ತನ್ನದಾಗಿಸಿಕೊಳ್ಳದು. ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ ಅವರು 1990ರ ದಶಕದಿಂದ ಒಂದು ಹೊಸ ಕ್ರಮವನ್ನು ಬೋಧಿಸಿದರು. ದೀರ್ಘ ಉಪವಾಸ ಬೇಡ, ಬೇಗನೆ ಆಹಾರ, ಬೇಗನೆ ನಡಿಗೆ ಎಂಬುದು ಅದರ ಸಾರ. ಮೂತ್ರಕೋಶದ ಶಸ್ತ್ರಚಿಕಿತ್ಸೆಗೆ ಇದೇ ಕ್ರಮದ ಸೂಚನೆಗಳು 2013ರಲ್ಲಿ ಪ್ರಕಟವಾದುವು. ಮನೆಗೆ ಬಂದ ರೋಗಿಯು ದಿನಕ್ಕೆ ನಾಲ್ಕೈದು ಬಾರಿ ಚಾವಡಿಯಲ್ಲಿಯೋ ಅಂಗಳದಲ್ಲಿಯೋ ನಡೆಯಬೇಕು. ಗಟ್ಟಿಯಾದ ಕುರ್ಚಿಯಿಂದ ಎದ್ದು ಕುಳಿತು ಮಾಡುವುದು ತೊಡೆಗೆ ಒಳ್ಳೆಯ ವ್ಯಾಯಾಮ. ಭಾರ ಎತ್ತುವುದನ್ನು ಮಾತ್ರ ವೈದ್ಯರು ಅನುಮತಿಸುವ ತನಕ, ಸಾಮಾನ್ಯವಾಗಿ ಆರು ವಾರಗಳಾದರೂ, ಬಿಟ್ಟಿರಬೇಕು. ಇಲ್ಲವಾದರೆ ಹೊಲಿಗೆಯ ಬಳಿ ಹೊಟ್ಟೆಯ ಗೋಡೆಯು ಸಡಿಲವಾಗಬಹುದು.

ಸುಧಾರಣೆಯನ್ನು ಅಳೆಯುವ ಕೆಲಸವನ್ನು ಮಕ್ಕಳು ವಹಿಸಿಕೊಳ್ಳಬಹುದು. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಕವನ್ನು ಬರೆಯಿರಿ. ಟೇಪಿನಿಂದ ಮೀನಗಂಡದ ಅತಿ ದಪ್ಪವಾದ ಕಡೆಯನ್ನು ಅಳೆಯಿರಿ. ಕೈಗಳನ್ನು ಎದೆಗೆ ಕಟ್ಟಿ ಕುರ್ಚಿಯಿಂದ ಐದು ಬಾರಿ ಎದ್ದು ಕುಳಿತುಕೊಳ್ಳಲು ಎಷ್ಟು ಸೆಕೆಂಡು ಬೇಕೆಂದು ಗಡಿಯಾರ ನೋಡಿ ಎಣಿಸಿರಿ. ಬೀಳದಂತೆ ದೊಡ್ಡವರೊಬ್ಬರು ಬದಿಯಲ್ಲಿ ನಿಲ್ಲಲಿ. ಏಷ್ಯಾದ ತಜ್ಞರ ಸಮಿತಿಯೊಂದು 2019ರಲ್ಲಿ ಹೇಳಿದ ಪ್ರಕಾರ, ಮೀನಗಂಡದ ಸುತ್ತಳತೆ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ, ಅಥವಾ ಐದು ಬಾರಿ ಏಳಲು 12 ಸೆಕೆಂಡು ಇಲ್ಲವೆ ಹೆಚ್ಚು ಬೇಕಾದರೆ, ಮಾಂಸದ ಬಡತನವನ್ನು ಶಂಕಿಸಬೇಕು. ತೂಕವೊಂದನ್ನೇ ನಂಬಬಾರದು, ಕಾಲಿನ ಬಾವಿನಿಂದಲೂ ತೂಕ ಏರೀತು. ಜ್ವರ, ನಿಲ್ಲದ ವಾಂತಿ, ಮೂತ್ರ ಬಾರದಿರುವುದು ಇವುಗಳಲ್ಲಿ ಒಂದು ಕಂಡರೂ ಲೆಕ್ಕದ ಪುಸ್ತಕವನ್ನು ಮುಚ್ಚಿ ಆಸ್ಪತ್ರೆಗೆ ಧಾವಿಸಬೇಕು.

ಚೀಲದ ವಿಷಯದಲ್ಲಿ ಮಕ್ಕಳಿಗೆ ಒಂದು ವಿನಂತಿ. ಅದನ್ನು ಕಂಡು ಮುಖ ಸಿಂಡರಿಸಬೇಡಿ, ನಗಬೇಡಿ. ಮಾವನವರು ಹೊರಗೆ ಬಾರದೆ ಹಾಸಿಗೆ ಹಿಡಿದುದಕ್ಕೆ ಆಯಾಸ ಮಾತ್ರವೇ ಕಾರಣವಲ್ಲ. ನಾಚಿಕೆಯೂ ಕಾರಣವೆಂದು ಅವರು ಬಹುದಿನಗಳ ಬಳಿಕ ನಮ್ಮೊಡನೆ ಹೇಳಿದರು. ಚೀಲ ತುಂಬೀತೆಂಬ ಭಯದಿಂದ ನೀರನ್ನೂ ಕಡಿಮೆ ಕುಡಿಯುತ್ತಿದ್ದರಂತೆ. ಮನೆಯವರ ಒಂದು ನೋಟವು ಔಷಧದ ಗುಣವನ್ನು ಕೆಡಿಸಬಲ್ಲುದು. ಕೇರಳದಲ್ಲಿ 2008ರ ಸಾಂತ್ವನ ಚಿಕಿತ್ಸಾ ನೀತಿಯಂತೆ ಪಂಚಾಯತುಗಳ ಆಶ್ರಯದಲ್ಲಿ ಪಾಲಿಯೇಟಿವ್ ದಾದಿಯರು ಮನೆಗಳಿಗೆ ಬಂದು ಶುಶ್ರೂಷೆಯನ್ನು ಕಲಿಸುವ ವ್ಯವಸ್ಥೆಯಿದೆ. ಸಂಕೋಚಪಡದೆ ಅದರ ಪ್ರಯೋಜನವನ್ನು ಪಡೆಯಿರಿ.

ಮಾವನವರ ಮನೆಯಲ್ಲಿ ಆ ದಿನದಿಂದ ಗಂಜಿಯ ಬಟ್ಟಲಿಗೆ ಹೆಸರುಕಾಳು ಬಂದಿತು. ಅತ್ತೆಯವರು ಅಂಜುತ್ತಂಜುತ್ತಲೇ ಒಂದು ಮೊಟ್ಟೆಯನ್ನು ಬೇಯಿಸಿದರು; ಹೊಲಿಗೆಗೆ ಏನೂ ಆಗದಿರುವುದನ್ನು ಕಂಡು ಮರುವಾರ ಎರಡನ್ನು ಬೇಯಿಸಿದರು. ಆರನೆಯ ತರಗತಿಯಲ್ಲಿದ್ದ ಮೊಮ್ಮಗಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆಯೆಳೆದು, ಅಜ್ಜನು ಅಂಗಳಕ್ಕೆ ಹಾಕಿದ ಸುತ್ತುಗಳನ್ನು ಬರೆಯತೊಡಗಿದಳು. ಮೊದಲ ದಿನ ಅರ್ಧ ಸುತ್ತು. ತಿಂಗಳ ಕೊನೆಗೆ ಹನ್ನೆರಡು. ಐದನೆಯ ತಿಂಗಳಲ್ಲಿ ವೈದ್ಯರ ಅಪ್ಪಣೆಯನ್ನು ಪಡೆದು ಮಾವನವರು ಬಾವಿಕಟ್ಟೆಗೆ ಹೋಗಿ ಅರ್ಧ ಕೊಡಪಾನ ನೀರನ್ನು ತಾವೇ ತಂದರು. ಎರಡು ಕೊಡಪಾನಗಳ ಕಾಲ ಮತ್ತೆ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಉಂಗುರವು ಮಾತ್ರ ಈಗ ಬೆರಳಿನಲ್ಲಿ ನಿಂತಿದೆ.

ವಿದ್ಯಾರ್ಥಿಗಳೇ, ಎರಡು ಮಾತುಗಳನ್ನು ಮನೆಗೆ ಒಯ್ಯಿರಿ. ಮೂತ್ರಕೋಶದ ಕ್ಯಾನ್ಸರಿಗೆ ಅತಿ ದೊಡ್ಡ ಕಾರಣ ಬೀಡಿ ಸಿಗರೇಟುಗಳ ಹೊಗೆ. ಮೂತ್ರದಲ್ಲಿ ಒಮ್ಮೆ ರಕ್ತ ಕಂಡರೂ, ನೋವಿಲ್ಲದಿದ್ದರೂ, ಆ ವಾರವೇ ವೈದ್ಯರಿಗೆ ತೋರಿಸಬೇಕೆಂದು ಹಿರಿಯರಿಗೆ ಹೇಳಿರಿ. ಮನೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಬಂದವರಿದ್ದರೆ ಅವರ ಬಟ್ಟಲನ್ನು ಒಮ್ಮೆ ಇಣಿಕಿ ನೋಡಿರಿ. ತೆಳಿ ಮಾತ್ರವೇ ಇದ್ದರೆ, ವಿನಯದಿಂದ ಅಮ್ಮನಲ್ಲಿ ಕೇಳಿರಿ: "ಅಮ್ಮ, ಇದಕ್ಕೆ ಸ್ವಲ್ಪ ಹೆಸರುಕಾಳು ಹಾಕಬಹುದಲ್ಲ?" ನಮಗೆ ಆ ದಿನಗಳಲ್ಲಿ ಹಾಗೆ ಕೇಳುವವರು ಯಾರೂ ಇರಲಿಲ್ಲ.